ಯಾವ ಜೋಳ, ಯಾರ ಜೋಳ?

ಜೋಳದ ಗಿಡದ ತುದಿಯಲ್ಲಿ ಗಂಡು ಹೂಗಳ ಗೊಂಚಲಿರುತ್ತದೆ, ಹೆಣ್ಣು ಹೂಗಳು ಕೆಳಗೆ ಎಲೆಯ ಕಂಕುಳಲ್ಲಿರುತ್ತವೆ ಎಂದು ಪಾಠವೊಂದು ಹೇಳುತ್ತದೆ ಎಂದಿಟ್ಟುಕೊಳ್ಳಿ. ಹಾಸನದ ಕಡೆಯ ಹುಡುಗನಿಗೆ ಇದರಲ್ಲಿ ತೊಡಕಿಲ್ಲ. ಅಲ್ಲಿ ಜೋಳವೆಂದರೆ ಬಹುಮಟ್ಟಿಗೆ ಮುಸುಕಿನ ಜೋಳವೇ. ಅದೇ ಪಾಠ ಓದಿದ ಅಫಜಲಪುರದ ಹುಡುಗಿ ಹೊಲಕ್ಕೆ ಹೋದರೆ? ಎರೆಭೂಮಿಯಲ್ಲಿ ಆಳೆತ್ತರ ನಿಂತದ್ದು ರೊಟ್ಟಿಯ ಬಿಳಿಜೋಳ. ಕಾಂಡದ ಉದ್ದಕ್ಕೂ ಹುಡುಕಿದರೂ ಹೆಣ್ಣು ಹೂವಿಲ್ಲ. ಕಾಳು ಕಟ್ಟುವುದೆಲ್ಲ ತುದಿಯ ತೆನೆಯಲ್ಲೇ, ಅದೂ ಗಂಡು ಹೆಣ್ಣು ಭಾಗಗಳೆರಡೂ ಇರುವ ಹೂವಿನಲ್ಲಿ. ಪುಸ್ತಕದ ಜೋಳಕ್ಕೆ ಅವಳ ಊರಿನ ಹೆಸರು ಮೆಕ್ಕೆಜೋಳ!

ಹೊಲದಲ್ಲಿ ಕಂಡದ್ದನ್ನು ಬರೆದರೆ ಅವಳಿಗೆ ಅಂಕ ಹೋಗುತ್ತದೆ. ಪುಸ್ತಕದ್ದನ್ನೇ ಬರೆದರೆ ಅಂಕ ಬರುತ್ತದೆ, ಆದರೆ ತನ್ನ ಕಣ್ಣಿನ ಮೇಲಿನ ನಂಬಿಕೆ ಹೋಗುತ್ತದೆ. ವಿಜ್ಞಾನ ಕಲಿಯುವವಳಿಗೆ ಎರಡನೆಯದೇ ದೊಡ್ಡ ನಷ್ಟ.

ಕಡಲೆಕಾಯಿಯ ಕಥೆಯೂ ಇದೇ. ಅದು ನೆಲದೊಳಗೆ ಬೆಳೆಯುತ್ತದೆಂದು ಓದಿದ ಜೇವರ್ಗಿಯ ಮಗು ಕಡಲೆ ಗಿಡವನ್ನು ಕಿತ್ತು ನೋಡಿದರೆ ಸಿಗುವುದು ಬೇರಿನ ಗಂಟುಗಳು ಮಾತ್ರ. ಅಲ್ಲಿ ನೆಲದೊಳಗೆ ಬೆಳೆಯುವುದು ಶೇಂಗಾ. (ಕಿತ್ತ ಗಿಡಕ್ಕೆ ಹೊಲದ ಯಜಮಾನನಿಂದ ಬೈಗಳೂ ಸಿಕ್ಕೀತು.)

ಬರೆಯುವವರಿಗೆ ದುರುದ್ದೇಶವಿರುವುದಿಲ್ಲ. ಮನಸ್ಸಿನ ಮುಂದೆ ಕೂತ ಓದುಗ ತಮ್ಮ ಬೀದಿಯವನೇ ಎಂದು ಅವರು ಭಾವಿಸಿರುತ್ತಾರೆ, ಅಷ್ಟೇ. ಆದರೆ ಆಳಂದ, ಅಫಜಲಪುರ, ಜೇವರ್ಗಿಗಳ ಹಾದಿಯೇ ಬೇರೆ. 1948ರವರೆಗೆ ಇವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆಯೂ ಮೇಲಿನ ತರಗತಿಗಳ ಭಾಷೆಯೂ ಉರ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಪಠ್ಯದ ಕೇಂದ್ರ ಬೆಂಗಳೂರಾಯಿತು. ಆಳಂದ, ಅಫಜಲಪುರಗಳಿಗೆ ಮಹಾರಾಷ್ಟ್ರದ ಗಡಿ ತಗುಲಿಕೊಂಡಿದೆ, ಮರಾಠಿಯೂ ಕಿವಿಗೆ ಬೀಳುತ್ತದೆ. ಅಲ್ಲಿನ ಮಗು ಶಾಲೆಗೆ ತರುವ ಕನ್ನಡದಲ್ಲಿ ಇವೆಲ್ಲ ಬೆರೆತಿವೆ.

ಸೋಜಿಗವೆಂದರೆ, ಕನ್ನಡಗಳು ಹಲವು ಎಂಬ ಎಚ್ಚರ ಮೊದಲು ಮೂಡಿದ್ದು ಇದೇ ಕಲಬುರಗಿ ಜಿಲ್ಲೆಯಲ್ಲಿ! ಸೇಡಂ ತಾಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ದೇಸಿಗಳು ಬೇರೆ ಬೇರೆಯಾದ್ದರಿಂದ ಅವುಗಳ ದೋಷಗಳನ್ನೆಲ್ಲ ಎಣಿಸಲು ಹೋದರೆ ವಾಸುಕಿಯೂ ಬೇಸತ್ತಾನು ಎನ್ನುತ್ತದೆ. ಈ ನಾಡಿನ ಜನ ಓದದೆಯೂ ಕಾವ್ಯ ಬಲ್ಲವರು ಎಂದೂ ಹೇಳುತ್ತದೆ. ಓದುಗನ ಬಗ್ಗೆ ಇಷ್ಟು ಗೌರವದ ಊಹೆ ಇನ್ನೊಂದಿದೆಯೇ?

ಕಡಕೋಳದ ಮಡಿವಾಳಪ್ಪನವರಿಗೆ ಊಹೆಯ ಗೊಡವೆಯೇ ಇರಲಿಲ್ಲ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ, ಹಿಂದೆ ಜೇವರ್ಗಿಗೂ ಈಗ ಯಡ್ರಾಮಿ ತಾಲೂಕಿಗೂ ಸೇರಿದ ಕಡಕೋಳದಲ್ಲಿ ನೆಲೆಸಿದ ಈ ತತ್ವಪದಕಾರರ ಕೇಳುಗರು ಎದುರಿಗೇ ಕೂತಿರುತ್ತಿದ್ದರು. ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರೂ ಇದ್ದರು. ತತ್ವಪದಗಳಲ್ಲಿ ತಮ್ಮ, ತಂಗಿ ಎಂದು ಕರೆದು ಹೇಳುವುದು ರೂಢಿ. ಅರ್ಥವಾಗದ ಮಾತು ಬಂದರೆ ತಂಗಿಯ ಮುಖವೇ ಹೇಳಿಬಿಡುತ್ತದೆ!

ನಮ್ಮ ಪ್ರಯೋಗಶಾಲೆಯ ಕೈಪಿಡಿಗಳಲ್ಲಿ ತಂಗಿಯೂ ಇಲ್ಲ, ತಮ್ಮನೂ ಇಲ್ಲ. "ದ್ರಾವಣವನ್ನು ತೆಗೆದುಕೊಳ್ಳಲಾಗುತ್ತದೆ, ಕಾಯಿಸಲಾಗುತ್ತದೆ." ಯಾರು ಕಾಯಿಸುವವರು? ಇಂಥ ವಾಕ್ಯವನ್ನು ಓದಿದ ಮಗು, ಈ ಕೆಲಸ ಬೇರೆ ಯಾರದೋ ಎಂದು ಸುಮ್ಮನೆ ಕೂತರೆ ಆಶ್ಚರ್ಯವಿಲ್ಲ. "ನೀನೇ ಕಾಯಿಸು, ಬಣ್ಣ ನೋಡು" ಎಂದರೆ ವಿಜ್ಞಾನದ ಘನತೆಗೇನೂ ಕುಂದಿಲ್ಲ.

ಜಗತ್ತಿಗೆಲ್ಲ ಒಂದೇ ಹೆಸರಿರಲೆಂದು ಲಿನೇಯಸ್ 1753ರಲ್ಲಿ ಮುಸುಕಿನ ಜೋಳಕ್ಕೆ 'ಜಿಯಾ ಮೇಸ್' ಎಂದು ಹೆಸರಿಟ್ಟ. ಪಂಡಿತರಿಗೆ ಅದು ಸಾಕು. ಏಳನೆಯ ತರಗತಿಗೆ ಬೇಕಾದದ್ದು ಇನ್ನೊಂದೇ ಸಾಲು: "ಕೆಲವು ಕಡೆ ಇದನ್ನು ಮೆಕ್ಕೆಜೋಳ ಎನ್ನುತ್ತಾರೆ."

ಉದಾಹರಣೆಗಳಿಗೂ ಈ ಮಾತು ಸಲ್ಲುತ್ತದೆ. ಅಲೆಯ ಪಾಠ "ಕಡಲ ತೀರದಲ್ಲಿ ನೀವು ನೋಡಿರುವಂತೆ" ಎಂದು ಶುರುವಾದರೆ ಆಳಂದದ ಮಗು ಅಲ್ಲೇ ನಿಲ್ಲುತ್ತದೆ. ಅದು ಕಡಲು ಕಂಡಿಲ್ಲ. ಆದರೆ ಅದೇ ತಾಲೂಕಿನ ಕೊರಳ್ಳಿಯಲ್ಲಿ ಅಮರ್ಜಾ ಜಲಾಶಯವಿದೆ. ಗಾಳಿಯಿಲ್ಲದ ಹೊತ್ತಿನಲ್ಲಿ ನೀರಿಗೆ ಒಂದು ತುಂಡು ಜೋಳದ ದಂಟು ತೇಲಿಬಿಟ್ಟು, ತುಸು ದೂರಕ್ಕೆ ಕಲ್ಲೆಸೆದರೆ ಸಾಕು. ಅಲೆ ದಡ ಮುಟ್ಟುತ್ತದೆ; ದಂಟು ಮಾತ್ರ ಮೇಲೆ ಕೆಳಗೆ ಕುಣಿದು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.