ಅನ್ಯಗ್ರಹಗಳ ಜೀವಿಗಳು: ಸಾಕ್ಷ್ಯವೂ ಊಹೆಯೂ

ಮಧುಗಿರಿ ತಾಲ್ಲೂಕಿನ ಪುರವರ ಸೀಮೆಯ ಶಾಸನಗಳನ್ನು ವಿದ್ಯಾರ್ಥಿಗಳೊಡನೆ ಓದುವಾಗ ನಾವು ಮೊದಲು ಕಲಿಸುವುದು ಒಂದು ಸಣ್ಣ ಗುರುತನ್ನು. ಕಲ್ಲು ಸವೆದು ಅಕ್ಷರ ಲೋಪವಾದೆಡೆ ಸಂಪಾದಕನು ತಾನು ಊಹಿಸಿದ ಅಕ್ಷರವನ್ನು ಚೌಕ ಆವರಣದೊಳಗೆ ಇಡುತ್ತಾನೆ. ಕಲ್ಲು ಹೇಳಿದ್ದೆಷ್ಟು, ತಾನು ಹೇಳಿದ್ದೆಷ್ಟು ಎಂಬುದು ಓದುಗನಿಗೆ ತಿಳಿಯಬೇಕಷ್ಟೆ.

ಅನ್ಯಗ್ರಹಗಳ ಜೀವಿಗಳನ್ನು ಕಲ್ಪಿಸುವ ಸಾಕ್ಷ್ಯಚಿತ್ರಗಳಲ್ಲಿ ಈ ಆವರಣವಿಲ್ಲ. 2020ರ ‘ಏಲಿಯನ್ ವರ್ಲ್ಡ್ಸ್’ ಸರಣಿಯಲ್ಲಿ ಬರುವ ‘ಅಟ್ಲಾಸ್’ ಒಂದು ಕಲ್ಪಿತ ಗ್ರಹ. ಅಲ್ಲಿನ ವಾಯುಮಂಡಲ ದಟ್ಟವಾದುದರಿಂದ ಪ್ರಾಣಿಗಳು ಆಕಾಶದಲ್ಲಿಯೇ ಹಾರುತ್ತ ಬಾಳುತ್ತವೆ. ತರ್ಕವೇನೋ ನಿರಾಧಾರವಲ್ಲ: ಗಾಳಿ ದಟ್ಟವಾದಷ್ಟೂ ರೆಕ್ಕೆಯನ್ನು ಮೇಲೆತ್ತುವ ಬಲ ಹೆಚ್ಚು. ಆದರೆ ಭೂಮಿಯ ಪ್ರಾಣಿಗಳ ನೈಜ ಚಿತ್ರಗಳೂ ಗಣಕಯಂತ್ರದಿಂದ ರಚಿಸಿದ ಜೀವಿಗಳೂ ಒಂದೇ ಗಂಭೀರ ಧ್ವನಿಯ ವಿವರಣೆಯಡಿ ಬೆರೆಯುತ್ತವೆ. ಅಟ್ಲಾಸನ್ನು ಕಂಡುಹಿಡಿದವರು ಯಾರೆಂದು ನಮ್ಮ ವಿದ್ಯಾರ್ಥಿಯೊಬ್ಬನು ಕೇಳಿದನು. ತಪ್ಪು ಅವನದೆನ್ನಲಾರೆವು.

ಇಂತಹುದು ಹಿಂದೆಯೂ ನಡೆದಿದೆ. 1877ರಲ್ಲಿ ಸ್ಕಿಯಾಪರೆಲ್ಲಿಯು ಮಂಗಳದ ಮೇಲೆ ತಾನು ಕಂಡ ರೇಖೆಗಳನ್ನು ‘ಕನಾಲಿ’ ಎಂದು ಕರೆದನು. ಇಟಾಲಿಯನ್ನಿನಲ್ಲಿ ಅದು ಸಹಜವಾದ ಹಳ್ಳಕ್ಕೂ ಅಗೆದ ಕಾಲುವೆಗೂ ಸಲ್ಲುವ ಪದ. ಪರ್ಸಿವಲ್ ಲೊವೆಲ್ಲನು ಕಾಲುವೆಯನ್ನೇ ಹಿಡಿದು, ಅಗೆದ ಜನರನ್ನೂ ಊಹಿಸಿದನು. 1965ರಲ್ಲಿ ಮ್ಯಾರಿನರ್ 4 ನೌಕೆಯ ಚಿತ್ರಗಳಲ್ಲಿ ಕಂಡುದು ಬರಿಯ ಕುಳಿಗಳು.

1995ರಲ್ಲಿ ಸೂರ್ಯಸದೃಶ ನಕ್ಷತ್ರವೊಂದರ ಸುತ್ತ ಗ್ರಹವು ಕಂಡುಬಂದಂದಿನಿಂದ ಸಾವಿರಾರು ಗ್ರಹಗಳು ದೃಢಪಟ್ಟಿವೆ. ಜೀವಿ ಒಂದೂ ದೊರೆತಿಲ್ಲ. ಆದರೂ ಈ ಚಿತ್ರಗಳನ್ನು ತೋರಿಸುವುದನ್ನು ನಾವು ಬಿಟ್ಟಿಲ್ಲ. ಊಹೆ ಬಂದೆಡೆ ಚಿತ್ರವನ್ನು ನಿಲ್ಲಿಸಿ, ಅದಷ್ಟನ್ನು ಕರಿಹಲಗೆಯ ಮೇಲೆ ಚೌಕ ಆವರಣದೊಳಗೆ ಬರೆಯಿಸುತ್ತೇವೆ.