ದೇಶ ಸುತ್ತಿದ ಕ್ಯಾಮೆರಾ

ಫೋಟೋ ಎಂದೊಡನೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ಸ್ಟುಡಿಯೋ. ಹಿಂದೆ ಬಣ್ಣದ ಪರದೆ, ಪಕ್ಕದಲ್ಲಿ ಒಂದು ಸ್ಟೂಲು, ಅದರ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ. "ಅಲುಗಾಡಬ್ಯಾಡ್ರಿ, ಸ್ವಲ್ಪ ನಗರಿ" ಎಂದು ಹೇಳಿ ಫೋಟೋದವನು ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ನಮಗೆ ನಗುವೇ ಬರುತ್ತಿರಲಿಲ್ಲ. ವರನ ಕಡೆಯವರಿಗೆ ಕಳಿಸಲು ಒಂದು, ಮದುವೆಯಾದ ಹೊಸದರಲ್ಲಿ ಜೋಡಿಯಾಗಿ ಒಂದು, ಕುಬಸದ ದಿನ ಹಸಿರು ಸೀರೆಯಲ್ಲಿ ಒಂದು. ಅಲ್ಲಿಗೆ ಮುಗಿಯಿತು! ಮುಂದೆ ರೇಷನ್ ಕಾರ್ಡಿಗೆ ಬೇಕೆಂದಾಗಲೇ ಕ್ಯಾಮೆರಾದ ಮುಂದೆ ಕೂಡುವುದು. ಈಗ ಮಕ್ಕಳ ಕೈಗೆ ಮೊಬೈಲು ಬಂದು, ಹೋಳಿಗೆ ಬಾಯಿಗೆ ಬೀಳುವ ಮೊದಲೇ ಹೋಳಿಗೆಯ ಫೋಟೋ ಊರೆಲ್ಲ ಸುತ್ತಿ ಬರುತ್ತದೆ, ಆ ಮಾತು ಬೇರೆ.

ಆದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊರೂರು, ದೇಶದೇಶ ತಿರುಗುವುದನ್ನೇ ಕಸುಬಾಗಿ ಮಾಡಿಕೊಂಡವರೂ ಇದ್ದಾರೆ. ಅವರು ಏನು ಕಂಡರು, ಕಂಡದ್ದನ್ನು ಹಿಡಿಯಲು ಎಷ್ಟು ಪಾಡುಪಟ್ಟರು ಎಂಬುದನ್ನು ಓದುವುದೆಂದರೆ ನನಗೆ ಬಲು ಇಷ್ಟ. ಮಧ್ಯಾಹ್ನದ ಪಾತ್ರೆ ತಿಕ್ಕಿಟ್ಟ ಮೇಲೆ ಸಿಗುವ ಒಂದು ತಾಸು ನನ್ನದು ನೋಡಿ! ಹೀಗೆ ಓದುತ್ತ ಓದುತ್ತ ಒಂದು ಪ್ರಶ್ನೆ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನಮ್ಮಂಥವರ ಮನೆಗೆ ಬಂದು ಫೋಟೋ ತೆಗೆಯುವವರು ನಿಜವಾಗಿ ನಮ್ಮನ್ನು ನೋಡುತ್ತಾರೆಯೇ? ಅಥವಾ ಮೊದಲೇ ಮನಸ್ಸಿನಲ್ಲಿ ಬರೆದುಕೊಂಡು ಬಂದ ಚಿತ್ರಕ್ಕೆ ನಮ್ಮನ್ನು ಒಗ್ಗಿಸಿಕೊಂಡು ಹೋಗುತ್ತಾರೆಯೇ?

ಮೈಸೂರಿನ ಸತ್ಯನ್

ಕನ್ನಡ ನಾಡಿನಿಂದ ಹೊರಟು ಜಗತ್ತಿನ ಗಮನ ಸೆಳೆದ ಛಾಯಾಗ್ರಾಹಕರಲ್ಲಿ ನನಗೆ ಮೊದಲು ನೆನಪಾಗುವ ಹೆಸರು ಟಿ. ಎಸ್. ಸತ್ಯನ್ ಅವರದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ ಅಲ್ಲಿಯ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಡಿಗ್ರಿ ಮಾಡಿದ ಹುಡುಗ ಸರಕಾರಿ ನೌಕರಿ ಹಿಡಿಯಬೇಕು, ಇಲ್ಲವೇ ಮಾಸ್ತರನಾಗಬೇಕು ಎನ್ನುವ ಕಾಲವದು. ಫೋಟೋ ತೆಗೆದು ಹೊಟ್ಟೆ ತುಂಬೀತೇ ಎಂದು ಯಾವ ಮನೆಯಲ್ಲಾದರೂ ಕೇಳಿಯೇ ಕೇಳುತ್ತಿದ್ದರು. 1948ರಲ್ಲಿ ಬೆಂಗಳೂರಿನಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆ ಶುರುವಾದಾಗ ಸತ್ಯನ್ ಅದರ ಛಾಯಾಗ್ರಾಹಕರಾದರು. ಆಮೇಲೆ ಮುಂಬಯಿಯ ಇಲ್ಲಸ್ಟ್ರೇಟೆಡ್ ವೀಕ್ಲಿಯಲ್ಲಿ ಕೆಲವು ಕಾಲ. ಕಡೆಗೆ ತಿಂಗಳ ಸಂಬಳದ ಆಸೆಯನ್ನೇ ಬಿಟ್ಟು ಸ್ವತಂತ್ರವಾಗಿ ದುಡಿಯತೊಡಗಿದರು. ಅಮೆರಿಕದ ಲೈಫ್‌ನಂಥ ಪತ್ರಿಕೆಗಳಲ್ಲಿ ಅವರ ಚಿತ್ರಗಳು ಬಂದವು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್‌ಗಳು ಕರೆದು ಕೆಲಸ ಕೊಟ್ಟವು. 1977ರಲ್ಲಿ ಪದ್ಮಶ್ರೀ ಬಂದಿತು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ವರ್ಷ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು.

ಇಷ್ಟೆಲ್ಲ ತಿರುಗಿದ ಮನುಷ್ಯ ಹೆಚ್ಚಾಗಿ ತೆಗೆದದ್ದು ಏನನ್ನು ಗೊತ್ತೇ? ಅರಮನೆಗಳನ್ನಲ್ಲ. ಶಾಲೆಗೆ ಹೋಗುವ ಮಕ್ಕಳು, ಕೂಸನ್ನು ಎತ್ತಿಕೊಂಡ ತಾಯಂದಿರು, ಕೆಲಸದಲ್ಲಿ ತೊಡಗಿದ ಸಾಮಾನ್ಯ ಜನ. ಅದೂ ಬಹುಪಾಲು ಕಪ್ಪು ಬಿಳುಪಿನಲ್ಲಿ. ಗೋಮಿ ದಡಿಯ ಕೆಂಪು ಇಳಕಲ್ಲ ಸೀರೆ ಉಟ್ಟು ಬೆಳೆದ ನಮ್ಮಂಥವರಿಗೆ, ಬಣ್ಣವಿಲ್ಲದ ಚಿತ್ರದಲ್ಲಿ ಏನು ಚೆಂದ ಎಂದು ಮೊದಲು ಅನಿಸುವುದು ಸಹಜ. ಆದರೆ ಆ ಚಿತ್ರಗಳನ್ನು ನೋಡುವಾಗ ಕಣ್ಣು ಸೀರೆಯ ಮೇಲೆ ನಿಲ್ಲುವುದಿಲ್ಲ, ನೇರವಾಗಿ ಮುಖಕ್ಕೆ ಹೋಗುತ್ತದೆ. ಕನ್ನಡದಲ್ಲಿ ಬಂದ ಅವರ ಪುಸ್ತಕದ ಹೆಸರು 'ಕಾಲಕ್ಕೆ ಕನ್ನಡಿ'. ಬಹಳ ವರ್ಷ ದಿಲ್ಲಿಯಲ್ಲಿದ್ದವರು ಮೈಸೂರಿಗೇ ಮರಳಿ, 2009ರ ಡಿಸೆಂಬರ್‌ನಲ್ಲಿ ಅಲ್ಲಿಯೇ ತೀರಿಕೊಂಡರು.

ಸಿಡುಬು ಬಂದ ಮನೆಯ ಮುಂದೆ

ವಿಶ್ವ ಆರೋಗ್ಯ ಸಂಸ್ಥೆಗಾಗಿ ಸತ್ಯನ್ ಮಾಡಿದ ಕೆಲಸಗಳಲ್ಲಿ ಸಿಡುಬು ನಿರ್ಮೂಲನದ ಚಿತ್ರಗಳೂ ಸೇರಿವೆ. ಇಂದಿನ ಹುಡುಗಿಯರಿಗೆ ಸಿಡುಬು ಎಂದರೆ ಏನೆಂದೇ ಗೊತ್ತಿಲ್ಲ, ಒಳ್ಳೆಯದೇ ಆಯಿತು. ನಮ್ಮ ಅಜ್ಜಿಯಂದಿರು ಅದನ್ನು ರೋಗ ಎನ್ನುತ್ತಲೇ ಇರಲಿಲ್ಲ. "ಅವ್ವ ಬಂದಾಳ" ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ತೊಪ್ಪಲು, ಒಳಗೆ ಒಗ್ಗರಣೆ ಇಲ್ಲದ ಅಡುಗೆ, ಮಾತೆಲ್ಲ ಮೆಲ್ಲಗೆ. ಉಳಿದರೆ ಮುಖದ ತುಂಬ ಕಲೆ, ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ದೇವಿಯೇ ಬಂದಾಳೆಂದ ಮೇಲೆ ಸೂಜಿ ಹಿಡಿದ ಸರಕಾರಿ ಮನುಷ್ಯನನ್ನು ಒಳಗೆ ಬಿಡುವುದೆಂತು? ಕೂಸನ್ನು ಒಳಮನೆಯಲ್ಲಿ ಮುಚ್ಚಿಡುತ್ತಿದ್ದರು.

1974ರಲ್ಲಿ ಬಿಹಾರದಲ್ಲಿ ಸಿಡುಬು ಭೀಕರವಾಗಿ ಹರಡಿತು. ಆಗ ಆರೋಗ್ಯ ಕಾರ್ಯಕರ್ತರು ಕೈಯಲ್ಲಿ ಒಂದು ಕಾರ್ಡು ಹಿಡಿದು ಮನೆಮನೆ ತಿರುಗಿದರು. ಕಾರ್ಡಿನ ಮೇಲೆ ಸಿಡುಬೆದ್ದ ಒಂದು ಮಗುವಿನ ಬಣ್ಣದ ಫೋಟೋ. "ಇಂಥ ಗುಳ್ಳೆ ಎದ್ದವರು ನಿಮ್ಮ ಊರಲ್ಲಿ ಯಾರಾದರೂ ಇದ್ದಾರೆಯೇ?" ಎಂದು ಕೇಳುವುದೇ ಅವರ ಕೆಲಸ. ಓದು ಬರಹ ಬಾರದ ಮುದುಕಿಗೂ ಆ ಫೋಟೋ ಅರ್ಥವಾಗುತ್ತಿತ್ತು. ರೋಗಿಯ ಸುದ್ದಿ ಮೊದಲು ಮುಟ್ಟಿಸಿದವರಿಗೆ ಕೊಡುವ ಬಹುಮಾನ 1975ರಲ್ಲಿ ಸಾವಿರ ರೂಪಾಯಿಗೆ ಏರಿತು. ಆ ಕಾಲದ ಸಾವಿರ! ಆ ವರ್ಷದ ಮೇ ತಿಂಗಳಿನ ನಂತರ ಭಾರತದಲ್ಲಿ ಸಿಡುಬು ಮತ್ತೆ ಕಾಣಿಸಲಿಲ್ಲ. 1980ರಲ್ಲಿ ಇಡೀ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಸಾರಿದರು.

ಒಂದು ಫೋಟೋ ಹೀಗೆ ಜೀವ ಉಳಿಸಲು ತಿರುಗಾಡಿದ್ದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಜೊತೆಗೇ ಇನ್ನೊಂದು ಯೋಚನೆಯೂ ಬಂದಿತು. ಜಡ್ಡು ಬಿದ್ದ ಕೂಸಿನ ಮುಂದೆ ಕೂತ ತಾಯಿಯ ಎದುರು ಕ್ಯಾಮೆರಾ ಎತ್ತುವುದು ಸಣ್ಣ ಮಾತಲ್ಲ. ಮುಖದ ತುಂಬ ಗುಳ್ಳೆಯಿದ್ದ ಮಗುವನ್ನು ಅಸಹ್ಯವಾಗಿಯೂ ತೆಗೆಯಬಹುದು, ಮಗುವಾಗಿಯೂ ತೆಗೆಯಬಹುದು. ಅಂಥ ಕಡೆಯಲ್ಲೆಲ್ಲ ಓಡಾಡಿ ಬಂದವರ ಮಕ್ಕಳ ಚಿತ್ರಗಳಲ್ಲಿ ಮಗು ಮಗುವಾಗಿಯೇ ಕಾಣುತ್ತದೆ ಎಂಬುದು ನನಗೆ ದೊಡ್ಡದಾಗಿ ತೋರುತ್ತದೆ.

ಮೊದಲು ರಾಟಿ, ಆಮೇಲೆ ಫೋಟೋ

ಗಾಂಧೀಜಿ ರಾಟಿಯ ಹಿಂದೆ ಕೂತು ಓದುತ್ತಿರುವ ಚಿತ್ರ ನೀವೆಲ್ಲ ನೋಡಿದ್ದೀರಿ. 1946ರಲ್ಲಿ ಅದನ್ನು ತೆಗೆದಾಕೆ ಅಮೆರಿಕದ ಮಾರ್ಗರೆಟ್ ಬೂರ್ಕ್-ವೈಟ್. ಲೈಫ್ ಪತ್ರಿಕೆ 1936ರಲ್ಲಿ ಶುರುವಾದಾಗ ಮೊದಲ ಸಂಚಿಕೆಯ ಮುಖಪುಟದ ಚಿತ್ರ ಈಕೆಯದೇ, ಒಂದು ಅಣೆಕಟ್ಟಿನದು. ರಷ್ಯಾ ತಿರುಗಿ, ಯುದ್ಧಭೂಮಿ ತಿರುಗಿ ಬಂದ ಗಟ್ಟಿಗಿತ್ತಿ. ಅಂಥವಳಿಗೆ ಗಾಂಧೀಜಿಯ ಕಾರ್ಯದರ್ಶಿ ಏನೆಂದರು ಗೊತ್ತೇ? "ನೂಲು ತೆಗೆಯಲು ಬರುತ್ತದೆಯೇ? ಬಾರದಿದ್ದರೆ ಮೊದಲು ಕಲಿತುಕೊಳ್ಳಿ, ಆಮೇಲೆ ಫೋಟೋ" ಎಂದರಂತೆ! ಪಾಪ, ಆಕೆ ರಾಟಿಯ ಮುಂದೆ ಕೂತು ಕಲಿತಳು. ಮೊದಲ ದಿನ ನೂಲು ಹೇಗೆ ಪಟಪಟನೆ ಹರಿಯುತ್ತದೆ ಎಂಬುದು ರಾಟಿ ತಿರುವಿದವರಿಗೇ ಗೊತ್ತು. ಅಷ್ಟಾದರೂ ಅಪ್ಪಣೆ ಸಿಕ್ಕಿದ್ದು ಮೂರೇ ಮೂರು ಫ್ಲ್ಯಾಶ್ ಬಲ್ಬಿಗೆ. ಗಾಂಧೀಜಿಗೆ ಅಂದು ಮೌನವ್ರತ ಬೇರೆ. ಎರಡು ಬಲ್ಬು ಹಾಳಾಗಿ ಮೂರನೆಯದರಲ್ಲಿ ಚಿತ್ರ ಬಂದಿತು.

ಈ ಕತೆ ನನಗೆ ಇಷ್ಟವಾಗಲು ಕಾರಣವಿದೆ. ಈಗ ನಾನಿರುವುದು ಜಮಖಂಡಿಯಲ್ಲಾದರೂ ತವರು ಬನಹಟ್ಟಿ, ನೇಕಾರರ ಮನೆ. ರಬಕವಿ-ಬನಹಟ್ಟಿಯ ಓಣಿ ಹೊಕ್ಕರೆ ಮಗ್ಗದ ಸಪ್ಪಳವೇ ಬರಮಾಡಿಕೊಳ್ಳುತ್ತದೆ. ಈಗ ಪಾವರ್‌ಲೂಮುಗಳು ಹೆಚ್ಚಾಗಿ ಕೈಮಗ್ಗ ಕಡಿಮೆಯಾಗಿವೆ. ಆದರೂ ಕ್ಯಾಮೆರಾ ಹಿಡಿದು ಬಂದವರು ಕೇಳುವುದು ಕೈಮಗ್ಗವನ್ನೇ. ಮಗ್ಗಕ್ಕೆ ಕೂತ ಗಂಡಸಿನ ಫೋಟೋ ತೆಗೆಯುತ್ತಾರೆ. ಲಾಳಿ ಆಚೆಯಿಂದ ಈಚೆ ಹಾರುವುದು ನೋಡಲು ಚೆಂದವೇ, ಸರಿ. ಆದರೆ ಆ ಲಾಳಿಯೊಳಗಿನ ಕಂಡಿಕೆ? ಲಡಿಯ ನೂಲನ್ನು ರಾಟಿಗೆ ಏರಿಸಿ ಕಂಡಿಕೆ ಸುತ್ತುವವಳು ಮನೆಯ ಹೆಂಗಸು. ರೊಟ್ಟಿ ಬಡಿದು, ಕೂಸಿಗೆ ಹಾಲು ಕುಡಿಸಿ, ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಸುತ್ತುತ್ತಾಳೆ. ಕೂಲಿಯ ಲೆಕ್ಕ ಸೀರೆಗೆ, ಅದೂ ಗಂಡಸಿನ ಹೆಸರಿಗೆ. ನಮ್ಮ ಮನೆಯಲ್ಲಂತೂ ಕಂಡಿಕೆಗೆ ಬೇರೆ ಲೆಕ್ಕವೆಂಬುದು ಇರಲಿಲ್ಲ. ಅತ್ತ ಮುಧೋಳದ ನಾಯಿಯ ಫೋಟೋ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂದಿದೆ. ಕಂಡಿಕೆಯವಳಿಗೆ ಆ ಯೋಗವಿಲ್ಲವೆಂದು ನಾವು ನಾವೇ ನಗುವುದುಂಟು.

ಕೆಲವು ವರ್ಷಗಳ ಹಿಂದೆ ಪಂಚಮಿಗೆ ತವರಿಗೆ ಹೋದಾಗ ಪಟ್ಟಣದ ಇಬ್ಬರು ಹುಡುಗರು ದೊಡ್ಡ ಕ್ಯಾಮೆರಾ ಹಿಡಿದು ನಮ್ಮ ಮನೆಗೆ ಬಂದರು. ಮರ್ಯಾದಸ್ಥರೇ. ಚಹಾ ಕುಡಿದರು. ಅಪ್ಪನನ್ನು ಮಗ್ಗಕ್ಕೆ ಕೂಡಿಸಿದರು. ಗೋಡೆಯ ಕ್ಯಾಲೆಂಡರ್ ತೆಗೆಸಿದರು, ಟ್ಯೂಬ್‌ಲೈಟ್ ಆರಿಸಿದರು. ಮೂಲೆಯಲ್ಲಿದ್ದ ನೀಲಿ ಪ್ಲಾಸ್ಟಿಕ್ ಬಕೀಟು ಹೊರಗಿಡಿ ಎಂದಾಗ ನಮ್ಮ ವೈನಿ ಸುಮ್ಮನಿರಲಿಲ್ಲ. "ಬಕೀಟ ಇಲ್ಲದ ಮನಿ ಯಾವ ಊರಾಗೈತಿ ತಮ್ಮಾ?" ಎಂದಳು. ಕಿಟಕಿಯ ಹತ್ತಿರ ರಾಟಿ ಹಾಕಿಕೊಂಡು ಕೂತಿದ್ದ ಅವ್ವನಿಗೆ, "ಅಮ್ಮಾ, ನೆರಳು ಬೀಳ್ತಿದೆ, ಸ್ವಲ್ಪ ಸರೀತೀರಾ?" ಎಂದರು. ಅವ್ವ ಮಾತಾಡದೆ ರಾಟಿ ಎತ್ತಿಕೊಂಡು ಒಳಗೆ ಹೋದಳು.

ಫೋಟೋ ಶುರುವಾಯಿತು. ಅಪ್ಪ ನಾಕು ಸಲ ಲಾಳಿ ಹೊಡೆದ. ಮಗ್ಗ ನಿಂತಿತು. "ಯಾಕೆ ನಿಲ್ಲಿಸಿದ್ರಿ ಅಜ್ಜಾರೇ?" ಎಂದು ಹುಡುಗರು ಕೇಳಿದರೆ ಅಪ್ಪ ಅಂದದ್ದು ಇಷ್ಟೇ: "ಕಂಡಕಿ ತೀರ್ಯಾವ್ರೀ. ಆಕಿ ಸುತ್ತಿ ಕೊಟ್ರ ಮುಂದ ನಡೀತೈತಿ."

ಆಗ ಅವರಲ್ಲಿ ದೊಡ್ಡವನು ಒಳಗೆ ಹೋಗಿ ಅವ್ವನ ಎದುರು ನೆಲದ ಮೇಲೆ ಕೂತ. "ನಾನೂ ಒಂದು ಸಲ ತಿರುಗಿಸಲೇ?" ಎಂದು ರಾಟಿ ಹಿಡಿದ. ಮೂರು ಸಲ ನೂಲು ಹರಿದ. ಮೂರು ಸಲವೂ ಅವ್ವ ಗಂಟು ಹಾಕಿ ಕೊಟ್ಟಳು, "ಜಗ್ಗಬ್ಯಾಡೋ ಯಪ್ಪಾ, ಅದರ ಪಾಡಿಗೆ ಅದನ್ನ ಬಿಡು" ಎಂದಳು. ಎರಡು ತಿಂಗಳ ಮೇಲೆ ಅಂಚೆಯಲ್ಲಿ ಲಕೋಟೆ ಬಂದಿತು. ಒಳಗೆ ಮೂರು ಫೋಟೋ. ಎರಡರಲ್ಲಿ ಅಪ್ಪ, ಒಂದರಲ್ಲಿ ಅವ್ವ ಮತ್ತು ರಾಟಿ. ಹಿಂದೆ ನೀಲಿ ಬಕೀಟೂ ಬಂದಿತ್ತು!

ಸೀರೆಯುಟ್ಟು ಸೈಕಲ್ ಏರಿದಾಕೆ

ಕ್ಯಾಮೆರಾದ ಹಿಂದೆ ಇರುವವಳೂ ಹೆಣ್ಣಾದರೆ ಹೇಗೆ? ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದವರು ಹೋಮಾಯ್ ವ್ಯಾರಾವಾಲಾ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದ ಪಾರ್ಸಿ ಹೆಣ್ಣುಮಗಳು. ಮೊದಮೊದಲು ಅವರು ತೆಗೆದ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ! ಕಂಡಿಕೆಯ ಲೆಕ್ಕ ನಮ್ಮ ಬನಹಟ್ಟಿಯದೊಂದೇ ಅಲ್ಲ ನೋಡಿ. 1942ರಲ್ಲಿ ದಿಲ್ಲಿಗೆ ಬಂದ ಮೇಲೆ ಸೀರೆಯುಟ್ಟು, ಭಾರದ ಕ್ಯಾಮೆರಾ ಸಾಮಾನು ಹೊತ್ತು, ಸೈಕಲ್ ಮೇಲೆ ಓಡಾಡುತ್ತಿದ್ದರು. ಸ್ವಾತಂತ್ರ್ಯದ ಸಂಭ್ರಮ, ಗಾಂಧೀಜಿಯ ಅಂತ್ಯಯಾತ್ರೆ, ನೆಹರೂ ಅವರ ಎಷ್ಟೋ ಚಿತ್ರಗಳು ಅವರವೇ. 'ಡಾಲ್ಡಾ 13' ಎಂಬ ತಮಾಷೆಯ ಹೆಸರೂ ಇತ್ತು. ನಮ್ಮ ಅಡುಗೆಮನೆಯ ಡಾಲ್ಡಾ ಅಲ್ಲ, ಅವರ ಮೊದಲ ಕಾರಿನ ನಂಬರು ಡಿ.ಎಲ್.ಡಿ. 13. ಹುಟ್ಟಿದ್ದು 13ನೇ ಇಸವಿ, ಗಂಡನನ್ನು ಮೊದಲು ಕಂಡದ್ದು 13ನೇ ವಯಸ್ಸಿನಲ್ಲಿ. 1970ರಲ್ಲಿ ಕ್ಯಾಮೆರಾ ಕೆಳಗಿಟ್ಟವರು ಮತ್ತೆ ಮುಟ್ಟಲಿಲ್ಲ. 2011ರಲ್ಲಿ ಪದ್ಮವಿಭೂಷಣ ಬಂದಿತು. ಮರುವರ್ಷ ತೀರಿಕೊಂಡರು.

ನೀರಿಗಿಳಿದ ಊರು

ನಮ್ಮ ಬಾಗಲಕೋಟ ಜಿಲ್ಲೆಗೆ ಕ್ಯಾಮೆರಾ ಬಂದು ಬಹಳ ಕಾಲವಾಯಿತು. 1855ರಲ್ಲಿಯೇ ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಸೈನಿಕ ಅಧಿಕಾರಿಯನ್ನು ಕಳಿಸಿ ಬಿಜಾಪುರ, ಬಾದಾಮಿ, ಐಹೊಳೆಗಳ ಗುಡಿಗುಮ್ಮಟಗಳ ಫೋಟೋ ತೆಗೆಸಿತ್ತು. ಆಗ ಫಿಲ್ಮು ಎಲ್ಲಿಂದ ಬರಬೇಕು? ಮದ್ದು ಸವರಿದ ಕಾಗದದ ಮೇಲೆ ಚಿತ್ರ ಮೂಡಬೇಕು, ಅದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಅಷ್ಟು ಹೊತ್ತು ಅಲುಗಾಡದ ಕಲ್ಲು ಚೆನ್ನಾಗಿ ಮೂಡುತ್ತಿತ್ತು, ನಡೆದಾಡುವವರು ಮೂಡುತ್ತಲೇ ಇರಲಿಲ್ಲ. ಆಗ ಐಹೊಳೆಯಲ್ಲಿ ಗುಡಿಗಳೊಳಗೇ ಜನ ಸಂಸಾರ ಮಾಡಿಕೊಂಡಿದ್ದರು. ಕೊಡ ಹೊತ್ತು ಕ್ಯಾಮೆರಾದ ಮುಂದೆ ಹಾದುಹೋದ ಹೆಂಗಸು ಎಷ್ಟು ಸಲ ಹಾದರೂ ಕಾಗದದ ಮೇಲೆ ಬರುವಂತಿರಲಿಲ್ಲ.

ಐಹೊಳೆಯ ಕಲ್ಲು ಇನ್ನೂ ಇದೆ. ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು ಇಲ್ಲ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನಲ್ಲಿ 2000ದ ಆಸುಪಾಸಿಗೆ ನೀರು ನಿಂತಾಗ ಕೃಷ್ಣೆ-ಘಟಪ್ರಭೆಯ ದಂಡೆಯ ಊರುಗಳು ಮುಳುಗಿದವು. ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ತೊಲೆ, ಬಾಗಿಲು, ಬೀಸುಕಲ್ಲು, ಎಲ್ಲ ಎತ್ತಿನ ಗಾಡಿ, ಟ್ರ್ಯಾಕ್ಟರುಗಳಲ್ಲಿ ಬಂದವು. ಊರನ್ನು ತರಲಾಗಲಿಲ್ಲ.

ನಮ್ಮ ಓಣಿಯಲ್ಲಿ ಆ ಕಡೆಯ ಅತ್ತಿಯೊಬ್ಬರಿದ್ದಾರೆ. ಅವರ ಹತ್ತಿರ ತವರಿನದು ಅಂತ ಇರುವುದು ಒಂದೇ ಫೋಟೋ, ಮದುವೆಯದು. ಬೀಳಗಿಯಿಂದ ಸ್ಟುಡಿಯೋದವನೊಬ್ಬ ಸೈಕಲ್ ತುಳಿದುಕೊಂಡು ಬಂದು, ಪರದೆ ಗಿರದೆ ಏನೂ ಇಲ್ಲದೆ, ಮನೆಯ ಅಂಗಳದಲ್ಲಿಯೇ ನಿಲ್ಲಿಸಿ ತೆಗೆದದ್ದು. ಫೋಟೋದ ಹಿಂದೆ ಯಾರೋ ಪೆನ್ಸಿಲಿನಲ್ಲಿ ಊರಿನ ಹೆಸರು, ಇಸವಿ ಬರೆದಿದ್ದಾರೆ. ನೀವೂ ಹಾಗೆ ಬರೆದಿಡಿ, ಪೆನ್ನಿನ ಮಸಿಯಾದರೆ ಈಚೆಗೆ ಇಳಿದೀತು. ಅತ್ತಿ ಆ ಫೋಟೋ ತೋರಿಸುವಾಗ ಮದುಮಗಳ ಮೇಲೆ, ಎಂದರೆ ತಮ್ಮ ಮೇಲೆಯೇ, ಬೆರಳಿಡುವುದಿಲ್ಲ. ಹೆಗಲ ಹಿಂದೆ, ಅರ್ಧ ಮಸುಕಾದ ಗೋಡೆಯ ಮೇಲೆ ಇಡುತ್ತಾರೆ.

"ಇದ ನೋಡವ್ವಾ, ನಮ್ಮ ಅಡಿಗಿಮನಿ ಕಿಟಕಿ. ಇಲ್ಲಿ ನಿಂತ್ರ ಹೊಳಿ ಕಾಣತಿತ್ತು."