ಪುಟ ಪುಡಿಯಾಗುವ ಮುನ್ನ

ಯಳಂದೂರಿನ ಗೌರೀಶ್ವರ ದೇವಸ್ಥಾನದ ಬಳೆಮಂಟಪದಲ್ಲಿ ಕಲ್ಲಿನ ಬಳೆಗಳು ಶತಮಾನಗಳ ಮಳೆಬಿಸಿಲು ಕಂಡೂ ಗಟ್ಟಿಯಾಗಿ ನಿಂತಿವೆ. ಅದೇ ಸೀಮೆಯ ಕಲ್ಲಿನ ಬರಹಗಳನ್ನು ಅಚ್ಚಿಗಿಳಿಸಿದ ಪುಸ್ತಕಕ್ಕೆ ಆ ಆಯುಸ್ಸಿಲ್ಲ.

ಯಳಂದೂರಿನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1898ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಪಕ್ಕದ ಕೊಳ್ಳೇಗಾಲಕ್ಕೆ ಅದರಲ್ಲಿ ಜಾಗ ಸಿಗಲಿಲ್ಲ. ಆ ತಾಲ್ಲೂಕು ಆಗ ಮದ್ರಾಸ್ ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟದಲ್ಲಿ ಎರಡೂ ತಾಲ್ಲೂಕುಗಳ ಶಾಸನಗಳು ಜೊತೆಯಾದವು. ರೈಸರ ಮೂಲ ಸಂಪುಟ ಈಗ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿದೆ. ತಮ್ಮೂರಿನ ವೀರಗಲ್ಲಿನ ಪಾಠ ಹುಡುಕುವವರು ಮೈಸೂರಿನ ಬಸ್ಸು ಹತ್ತಬೇಕಿಲ್ಲ, ಮೊಬೈಲು ಸಾಕು.

ಹಳೆಯ ಪುಸ್ತಕ ಹಾಳಾಗುವುದು ಗೆದ್ದಲು, ತೇವದಿಂದ ಮಾತ್ರವಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಕಾಗದವನ್ನು ಮರದ ತಿರುಳಿನಿಂದ ಮಾಡಿ, ಶಾಯಿ ಹರಡದಂತೆ ಪಟಿಕ ಬೆರೆಸುವುದು ರೂಢಿಯಾಯಿತು. ಅದರಿಂದ ಹುಟ್ಟುವ ಆಮ್ಲ ನಾರನ್ನು ಒಳಗಿನಿಂದಲೇ ತಿನ್ನುತ್ತದೆ. ಪುಟ ಹಳದಿಯಾಗಿ, ಕಂದಾಗಿ, ಕೊನೆಗೆ ಮಡಿಸಿದಲ್ಲೇ ಮುರಿಯುತ್ತದೆ.

ಇಂಥ ಪುಸ್ತಕವನ್ನು ಜೆರಾಕ್ಸ್ ಯಂತ್ರದ ಮೇಲೆ ಬೋರಲು ಹಾಕಿ ಅದುಮಿದರೆ ಬೆನ್ನೇ ಬಿಟ್ಟುಹೋಗುತ್ತದೆ. ಅದಕ್ಕೇ ಸ್ಕ್ಯಾನ್ ಕೇಂದ್ರಗಳಲ್ಲಿ ಅದನ್ನು ಇಳಿಜಾರಾದ ತೊಟ್ಟಿಲಿನಲ್ಲಿ ಅರ್ಧ ತೆರೆದು ಮಲಗಿಸುತ್ತಾರೆ. ಮೇಲಿನಿಂದ ಗಾಜು ಇಳಿಯುತ್ತದೆ, ಎರಡು ಕ್ಯಾಮೆರಾಗಳು ಎರಡೂ ಪುಟಗಳನ್ನು ಸೆರೆಹಿಡಿಯುತ್ತವೆ. ಹಾಳೆ ಮಗುಚುವುದು ಮಾತ್ರ ಮನುಷ್ಯರ ಕೈ. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಹೀಗೆ ಕನ್ನಡದ ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುತ್ತಿದೆ.

ಚಿತ್ರವಾದ ಪುಟವನ್ನು ಯಂತ್ರ ಪಠ್ಯವಾಗಿಸುವಾಗ ಒತ್ತಕ್ಷರ, ಸವೆದ ಮೊಳೆಗಳಲ್ಲಿ ಎಡವುತ್ತದೆ. ಆ ತಪ್ಪುಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ಯಾರು ಬೇಕಾದರೂ ಕೂತು ತಿದ್ದಬಹುದು.

ಕಾನೂನಿನ ಗೆರೆಯೂ ಇದೆ. ಭಾರತದಲ್ಲಿ ಲೇಖಕರು ತೀರಿಕೊಂಡ 60 ವರ್ಷದವರೆಗೆ ಹಕ್ಕುಸ್ವಾಮ್ಯ ಇರುತ್ತದೆ. 1963ರಲ್ಲಿ ನಿಧನರಾದ ಮಂಜೇಶ್ವರದ ಕವಿ ಗೋವಿಂದ ಪೈಗಳ ಬರಹ 2024ರ ಜನವರಿಯಿಂದ ಎಲ್ಲರದ್ದಾಯಿತು. ಅಂಗಡಿಯಲ್ಲಿ ಸಿಗದ, ಹಕ್ಕೂ ಮುಗಿಯದ ಪುಸ್ತಕಗಳದ್ದೇ ದೊಡ್ಡ ಕಷ್ಟ. ಲೇಖಕರೋ ಅವರ ಮನೆಯವರೋ ಒಪ್ಪಿಗೆ ಕೊಟ್ಟರೆ ಅವೂ ಉಳಿಯುತ್ತವೆ.

ಹಂಚಿಕೊಂಡದ್ದೇ ಉಳಿಯುತ್ತದೆ ಎಂಬುದಕ್ಕೆ ಈ ಸೀಮೆಯಲ್ಲೇ ಸಾಕ್ಷಿಯಿದೆ. ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನ ಕಥೆ ಉಳಿದು ಬಂದದ್ದು ಯಾವುದೋ ಒಂದು ಪೆಟ್ಟಿಗೆಯಲ್ಲಿ ಅಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ಒಬ್ಬರಿಂದೊಬ್ಬರು ಕಲಿತು ಊರೂರಿನಲ್ಲಿ ಹಾಡಿದ್ದರಿಂದ. ಪಿ.ಕೆ. ರಾಜಶೇಖರರಂಥ ವಿದ್ವಾಂಸರು ಆ ಕಾವ್ಯವನ್ನು ಅಚ್ಚಿಗೆ ತಂದರು. ಹಳೆಯ ಪುಸ್ತಕಗಳನ್ನೂ ಹಾಗೆ ಉಳಿಸಲು ಊರಲ್ಲೇ ಜಾಗವಿದೆ: ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಹನೂರು, ಕೊಳ್ಳೇಗಾಲದ ಹಳ್ಳಿಗಳಲ್ಲಿ ಅಜ್ಜನ ಕಾಲದ ಪುಸ್ತಕ ರದ್ದಿಗೆ ಹೊರಡುವ ಮುನ್ನ, ಅದು ಇಂಟರ್ನೆಟ್ ಆರ್ಕೈವ್‌ನಲ್ಲಿ ಇದೆಯೇ ಎಂದು ಆ ಕೇಂದ್ರಗಳಲ್ಲೇ ಒಮ್ಮೆ ಹುಡುಕಿ ನೋಡುವ ಕೆಲಸ ಇವತ್ತೇ ಶುರುವಾಗಬಹುದು.